ನಾಗಿಯ ಹೆಬ್ಬೆಟ್ಟು

"ಕೈ ಒರೆಸು."

ನಾಗಿ ಒರೆಸಿದಳು.

"ಸರಿ ಒರೆಸು. ಒದ್ದೆ ಇದೆ."

ಒದ್ದೆ ಇರಲಿಲ್ಲ. ಬೆಳಿಗ್ಗೆಯ ನೀರಿನ ಇಳಿತಕ್ಕೆ ಹೊಳೆಗಿಳಿಯದೆ, ಮಿಂದು, ಪೆಟ್ಟಿಗೆಯಲ್ಲಿದ್ದ ಸೀರೆ ಉಟ್ಟು ಬಂದಿದ್ದಳು. ಆದರೂ ಸೆರಗಿಗೆ ಒರೆಸಿದಳು. ಬೆರಳೊಂದೊಂದನ್ನೇ ಒರೆಸಿದಳು. ಹೊಳನಗದ್ದೆ ಶಾಲೆಯ ಜಗಲಿಯಲ್ಲಿ ಮೇಜು ಹಾಕಿಕೊಂಡು ಕೂತಿದ್ದ ರೇಷನ್ ಕ್ಯಾಂಪಿನ ವಿನೋದ ಕಿಸೆಯಿಂದ ಕರವಸ್ತ್ರ ತೆಗೆದ. ಅದನ್ನು ತನ್ನ ಬೆರಳಿಗೆ ಸುತ್ತಿಕೊಂಡ. ಸುತ್ತಿಕೊಂಡ ಬೆರಳಿನಿಂದ ಅವಳ ಹೆಬ್ಬೆಟ್ಟು ಹಿಡಿದು ಮೇಜಿನ ಮೇಲಿದ್ದ ಸಣ್ಣ ಪೆಟ್ಟಿಗೆಯ ಗಾಜಿಗೆ ಒತ್ತಿದ.

ಪೆಟ್ಟಿಗೆ ಟೀಂ ಎಂದಿತು. ಕೆಂಪು ದೀಪ ಹತ್ತಿತು.

ಮತ್ತೆ ಒತ್ತಿದ. ಉಗುರು ಬೆಳ್ಳಗಾಗುವ ಹಾಗೆ ಒತ್ತಿದ. ಟೀಂ. ಎಡಗೈಯದು ಒತ್ತಿದ. ಟೀಂ.

"ಎಂತ ಹೇಳ್ತದೆ ತಮ್ಮಾ ಅದು?" ನಾಗಿ ಕೇಳಿದಳು.

ವಿನೋದನ ಮುಂದೆ ಟೀವಿಯಂಥದ್ದೊಂದು ಇತ್ತು. ಅದರ ಮುಖ ಅವನ ಕಡೆಗಿತ್ತು. ಬೆನ್ನು ಇವಳ ಕಡೆಗಿತ್ತು. ಬೆನ್ನಿನಲ್ಲಿ ವಯರುಗಳು ಬಿಟ್ಟರೆ ಮತ್ತೇನೂ ಕಾಣುತ್ತಿರಲಿಲ್ಲ.

"ಹೇಳಿದ್ರೆ ನಿಂಗೆ ಗೊತ್ತಾಗೂದಿಲ್ಲ. ಬದಿಗೆ ನಿಲ್ಲು."

ಅವಳು ಸರಿದು ನಿಂತಳು. ಅವನು ಬಾಟಲಿಯಿಂದ ಎಂತದ್ದೋ ಸುರಿದು ಗಾಜು ಉಜ್ಜಿದ. ಅವಳಿಗಿಂತ ಮೊದಲು ಬಂದವರು ಬೆರಳಿಟ್ಟ ಮೇಲೆ ಹಾಗೆ ಉಜ್ಜಿರಲಿಲ್ಲ. ಸಾಲಿನಲ್ಲಿದ್ದವರು ನೋಡಿದರು. ನೋಡದ ಹಾಗೆ ಮಾಡಿದರು.

ನಾಗಿಗೆ ಹೊಸ ರೇಷನ್ ಕಾರ್ಡು ಬೇಕಿತ್ತು. ಹಳೆಯದು ಈ ತಿಂಗಳ ಕೊನೆಗೆ ಸತ್ತುಹೋಗುತ್ತದೆ ಎಂದು ಡಂಗುರ ಹೊಡೆಸಿದ್ದರು. ಹೊಸದಕ್ಕೆ ಮನೆಯ ಹನ್ನೆರಡು ದಾಟಿದವರೆಲ್ಲರ ಹೆಬ್ಬೆಟ್ಟೂ ಮಿಷನ್ನಿಗೆ ಹೋಗಬೇಕು. ಅದರಲ್ಲಿ ಒಬ್ಬರಾದರೂ ದೊಡ್ಡವರದ್ದು ಕೂತರೆ ಮಾತ್ರ ಕಾರ್ಡು. ಮನೆಯಲ್ಲಿ ದೊಡ್ಡವರೆಂದರೆ ಇಬ್ಬರು: ನಾಗಿ, ಅವಳ ಅತ್ತೆ ತಿಮ್ಮಿ. ಗಂಡ ಶಿವನನ್ನು ನಾಲ್ಕು ವರ್ಷದ ಹಿಂದೆ ಕಡಲು ಇಟ್ಟುಕೊಂಡಿತ್ತು. ಮಗಳು ಸುಚಿತಾಳಿಗೆ ಹದಿನೈದು. ಮೂವರ ಗಂಜಿಯ ಅಕ್ಕಿ, ದೀಪದ ಸೀಮೆಎಣ್ಣೆ ಎರಡೂ ಆ ಕಾರ್ಡಿನಿಂದಲೇ ಬರುತ್ತಿದ್ದವು.

ತಿಮ್ಮಿಯ ಬೆರಳಿಗೂ ಕೆಂಪೇ ಬಂತು.

"ಇವಳದ್ದಂತೂ ಕಲ್ಲು," ಎಂದ ವಿನೋದ. "ಅಜ್ಜೀ, ಬೆರಳಲ್ಲಿ ಒಂದು ಗೆರೆಯಾದ್ರೂ ಬೇಡವಾ?"

"ಇತ್ತು ಒಡೆಯಾ," ಎಂದಳು ತಿಮ್ಮಿ. "ಹೊಳೆಯಲ್ಲಿ ಬಿದ್ದುಹೋತು. ಹುಡುಕಿ ತರ್ಲೇ?"

ಸಾಲು ನಕ್ಕಿತು. ವಿನೋದ ನಗಲಿಲ್ಲ.

ಅಜ್ಜಿ ಹೇಳಿದ್ದು ನಗೆಯ ಮಾತಾಗಿರಲಿಲ್ಲ. ಅಘನಾಶಿನಿ ಹೊಳೆ ಕಡಲು ಸೇರುವಲ್ಲಿ, ತದಡಿ ಬಂದರಿನ ಈಚೆ ದಡದಲ್ಲಿ, ನೀರು ಇಳಿದಾಗ ಕೆಸರು ಬೆತ್ತಲಾಗುತ್ತದೆ. ಆ ಕೆಸರಿನಲ್ಲಿ ಬಳಚು ಇರುತ್ತದೆ, ಚಿಪ್ಪಿನೊಳಗಿನ ಮೀನು. ಹೆಂಗಸರು ಸೊಂಟದ ನೀರಿನಲ್ಲಿ ಬಗ್ಗಿ, ಕೆಸರಿನೊಳಗೆ ಬೆರಳು ಹಾಕಿ, ಕಣ್ಣಿಗೆ ಕಾಣದ್ದನ್ನು ಬೆರಳಿನಿಂದಲೇ ಕಂಡು ಎತ್ತುತ್ತಾರೆ. ಚಿಪ್ಪಿನ ಅಂಚು ಬ್ಲೇಡಿನ ಹಾಗೆ. ಮರಳು ಅರದ ಹಾಗೆ. ಉಪ್ಪುನೀರು ಗಾಯ ಮಾಯಲು ಬಿಡುವುದಿಲ್ಲ. ದಿನಕ್ಕೆ ಐದು ತಾಸು. ನಾಗಿ ಇಳಿದು ಹದಿನೆಂಟು ವರ್ಷ. ತಿಮ್ಮಿ ಇಳಿದದ್ದು ಯಾವಾಗ ಎಂದು ಅವಳಿಗೇ ನೆನಪಿಲ್ಲ. ಗೆರೆಗಳು ಹೋದದ್ದು ಯಾರಿಗೂ ಗೊತ್ತಾಗಲಿಲ್ಲ. ಯಾಕೆ ಗೊತ್ತಾಗಬೇಕು? ಗೆರೆಯಿಂದ ಆಗಬೇಕಾದ ಕೆಲಸ ಅವರಿಗೇನಿತ್ತು?

"ನಂಗೆ ಸಹಿ ಬರ್ತದೆ," ಎಂದಳು ನಾಗಿ.

ವಿನೋದ ತಲೆಯೆತ್ತಿದ.

"ಸಹಿ ಮಾಡ್ತೆ. ಕಾಗದ ಕೊಡಿ."

"ಸಹಿ ಯಾರಿಗೆ ಬೇಕು? ಸಹಿ ಯಾರಾದ್ರೂ ಮಾಡ್ತಾರೆ. ಹೆಬ್ಬೆಟ್ಟು ಬೇಕು, ಹೆಬ್ಬೆಟ್ಟು. ಮುಂದಿನವರು ಬನ್ನಿ."

ನಾಗಿ ಅಲ್ಲೇ ನಿಂತಳು. ಮುಂದಿನವಳ ಮೊಣಕೈ ತಾಗಿದ ಮೇಲೆ ಇಳಿದು ಬಂದಳು.

ಅವಳು ಸಹಿ ಕಲಿತದ್ದು ಹತ್ತು ವರ್ಷದ ಹಿಂದೆ. ಆಗ ಊರೂರಿಗೆ ಸಾಕ್ಷರತೆಯ ಕ್ಲಾಸು ಬಂದಿತ್ತು. ಪರಮೇಶ್ವರಿ ಅಕ್ಕೋರು ಎಂಬ ಟೀಚರು ಸೈಕಲ್ಲಿನಲ್ಲಿ ಬರುತ್ತಿದ್ದರು. ನೀರು ಏರಿ ಹೆಂಗಸರು ಮೇಲೆ ಬಂದ ಮೇಲೆ, ಮೀನು ಒಣಗಿಸುವ ಚಪ್ಪರದ ಕೆಳಗೆ ಪಾಠ. ಯಾವ ದಿನ ಎಷ್ಟು ಹೊತ್ತಿಗೆ ನೀರು ಇಳಿಯುತ್ತದೆ ಎಂದು ಅಕ್ಕೋರು ಕೇಳಿ ಬರೆದುಕೊಂಡಿದ್ದರು. ಕ್ಲಾಸಿನ ಹೊತ್ತು ನೀರಿನ ಹಿಂದೆ ದಿನದಿನಕ್ಕೆ ಸರಿಯುತ್ತಿತ್ತು. ನಾಗಿಯ ಬೆರಳಲ್ಲಿ ಸ್ಲೇಟಿನ ಕಡ್ಡಿ ನಿಲ್ಲುತ್ತಿರಲಿಲ್ಲ. ಸೀಳಿದ ಬೆರಳಿಗೆ ಕಡ್ಡಿ ತಾಗಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಅಕ್ಕೋರು ಕಡ್ಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿ ಕೊಟ್ಟರು. ತನ್ನ ಬರಿಗೈಯಿಂದ ನಾಗಿಯ ಕೈ ಹಿಡಿದು 'ನಾ' ತಿದ್ದಿಸಿದರು. 'ಗಿ' ಕಲಿಯಲು ಇನ್ನೊಂದು ವಾರ ಹಿಡಿಯಿತು. ಆಗ ಸುಚಿತಾ ಮಡಿಲಲ್ಲಿ ಕೂತು ಸ್ಲೇಟು ಎಳೆಯುತ್ತಿದ್ದಳು.

ಕ್ಲಾಸು ಮುಗಿದ ದಿನ ಮೆರವಣಿಗೆಯಾಯಿತು. ಸೊಸೈಟಿಯಲ್ಲಿ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದ ಶಾಯಿಯ ಡಬ್ಬಿಯನ್ನು ಹೆಂಗಸರೆಲ್ಲ ಸೇರಿ ಕೇಳಿ ತಂದರು. ಯಾರು ಎಸೆಯುವುದು ಎಂದು ಜಗಳವಾಯಿತು. ಕೊನೆಗೆ ನಾಗಿಯ ಕೈಗೆ ಕೊಟ್ಟರು. ಅವಳು ಹೊಳೆಯ ನಟ್ಟನಡುವಿಗೆ ಬೀಸಿ ಎಸೆದಳು. ಅಧಿಕಾರಿಯೊಬ್ಬರು ಚಪ್ಪಾಳೆ ತಟ್ಟಿದರು. "ಇನ್ನು ನೀವು ಯಾರೂ ಹೆಬ್ಬೆಟ್ಟಲ್ಲ," ಎಂದು ಮೈಕಿನಲ್ಲಿ ಹೇಳಿದರು. ಶಿವ ದೋಣಿಯಲ್ಲಿ ನಿಂತು ಸೀಟಿ ಹೊಡೆದಿದ್ದ. ಅಂದಿನಿಂದ ನಾಗಿ ಎಲ್ಲಿಯೂ ಹೆಬ್ಬೆಟ್ಟು ಒತ್ತಿರಲಿಲ್ಲ. ಶಿವನ ಸಾವಿನ ಕಾಗದಕ್ಕೂ ಸಹಿಯನ್ನೇ ಮಾಡಿದ್ದಳು.

ಈಗ ಹೆಬ್ಬೆಟ್ಟೇ ಬೇಕಂತೆ.

*

ಮರುದಿನ ಕುಮಟೆಗೆ ಹೋದಳು. ರೇಷನ್ ಆಫೀಸಿನ ಗೋಡೆಯಲ್ಲಿ ಒಂದು ಕಂಡಿ. ಒಳಗಿನವರು ಕುರ್ಚಿಯಲ್ಲಿ ಕೂತಾಗ ಅವರ ಎದೆಯ ಮಟ್ಟಕ್ಕೆ ಬರುವ ಹಾಗೆ ಕೊರೆದಿದ್ದರು. ಹೊರಗಿನವರು ನಿಂತಾಗ ಅದು ಹೊಟ್ಟೆಗೆ ಬರುತ್ತಿತ್ತು. ಮಾತಾಡಬೇಕಾದರೆ ಸೊಂಟ ಬಗ್ಗಿಸಿ, ಕುತ್ತಿಗೆ ತಿರುಚಿ, ಬಾಯಿಯನ್ನು ಕಂಡಿಗೆ ಇಡಬೇಕು. ಬಾಯಿ ಇಟ್ಟರೆ ಮುಖ ಕಾಣುವುದಿಲ್ಲ. ಮುಖ ತೋರಿಸಿದರೆ ಮಾತು ಒಳಗೆ ಹೋಗುವುದಿಲ್ಲ. ನಾಗಿ ಬಗ್ಗಿದಳು. ಹೊಳೆಯಲ್ಲೂ ಬಗ್ಗುವವಳೇ. ಹೊಳೆಯಲ್ಲಿ ಬಗ್ಗಿದರೆ ಕೈಗೆ ಏನಾದರೂ ಸಿಗುತ್ತಿತ್ತು.

"ಬೆರಳು ಬರದಿದ್ರೆ ನಾವೆಂತ ಮಾಡೂದು?" ಒಳಗಿನ ದನಿ ಕೇಳಿತು. "ಎಂಟು ದಿನ ನೀರು ಮುಟ್ಬೇಡ. ಚರ್ಮ ಬೆಳೀತದೆ. ಮುಂದಿನ ಮಂಗಳವಾರ ಹೊಳನಗದ್ದೆಯಲ್ಲೇ ಕಡೇ ಕ್ಯಾಂಪು. ಅಲ್ಲಿಗೆ ಹೋಗು."

"ಎಂಟು ದಿನ ಹೊಳೆಗೆ ಹೋಗದಿದ್ರೆ ಉಣ್ಣೂದು ಎಂತ ಸರ್?"

"ರೇಷನ್ ಇದ್ಯಲ್ಲ?"

ಕಂಡಿಯ ಹಲಗೆ ಮುಚ್ಚಿತು.

ಎಂಟು ದಿನ ನಾಗಿ ನೀರು ಮುಟ್ಟಲಿಲ್ಲ.

ಬೆಳಿಗ್ಗೆ ಇಳಿತದ ಹೊತ್ತಿಗೆ ಅವಳ ಕಾಲು ತಾನಾಗಿಯೇ ಎದ್ದು ಅಂಗಳಕ್ಕೆ ಬರುತ್ತಿತ್ತು. ಹೊಳೆಯ ಕಡೆ ನೋಡುತ್ತಾ ನಿಲ್ಲುತ್ತಿದ್ದಳು. ಅವಳ ಜಾಗದಲ್ಲಿ ಬೇರೆಯವರು ಬುಟ್ಟಿ ಇಟ್ಟಿದ್ದರು. ಪಾತ್ರೆ ತಿಕ್ಕುವುದು, ಬಟ್ಟೆ ಒಗೆಯುವುದು, ಅಕ್ಕಿ ತೊಳೆಯುವುದು ಎಲ್ಲ ಸುಚಿತಾಳ ಪಾಲಿಗೆ ಬಂತು. ಶಾಲೆಗೆ ಎರಡು ದಿನ ತಡವಾಗಿ ಹೋದಳು. ಮೂರನೆಯ ದಿನ ಹೋಗಲೇ ಇಲ್ಲ. ತಿಮ್ಮಿ ಸೊಸೆಯ ಎರಡೂ ಕೈಗೆ ತೆಂಗಿನೆಣ್ಣೆ ತಿಕ್ಕಿ ಹಳೆಯ ಬಟ್ಟೆ ಸುತ್ತಿ ಕೂರಿಸುತ್ತಿದ್ದಳು. ಮೀಯಿಸುವಾಗ ನಾಗಿ ಕೈಗಳೆರಡನ್ನೂ ಮೇಲಕ್ಕೆತ್ತಿ ಹಿಡಿಯಬೇಕಿತ್ತು. ಅತ್ತೆ ಬೆನ್ನಿಗೆ ನೀರು ಹಾಕುತ್ತಿದ್ದಳು. ಮಗಳು ತಲೆ ಬಾಚಿ ಕಟ್ಟುತ್ತಿದ್ದಳು. ಊಟವನ್ನೂ ಕೈಯಿಂದ ಮಾಡಬಾರದೆಂದು ತಿಮ್ಮಿಯ ಹಟ. ಮೀನುಸಾರಿನ ಹುಳಿ ಚರ್ಮಕ್ಕೆ ತಾಗಿದರೆ? ಅವಳೇ ತುತ್ತು ಮಾಡಿ ಸೊಸೆಯ ಬಾಯಿಗೆ ಇಡುತ್ತಿದ್ದಳು.

"ಬಾಯಿ ತೆಗಿ. ಲಗ್ನ ಆಗಿ ಬಂದಾಗ್ಲೂ ನಿಂಗೆ ಹೀಂಗೆ ಉಣ್ಸಲಿಲ್ಲ ನಾನು."

ಹೊಳೆಯಿಂದ ಬುಟ್ಟಿ ಹೊತ್ತು ಹೋಗುವ ಹೆಂಗಸರು ಬೇಲಿಯಾಚೆಯಿಂದ ಕೂಗುತ್ತಿದ್ದರು.

"ಎಂತದೇ ನಾಗೀ, ಮದುಮಗಳ ಕೈ ಆತೇನೇ?"

"ಮದರಂಗಿ ಒಂದು ಬಾಕಿ!"

ನಾಗಿ ನಗುತ್ತಿದ್ದಳು. ಅವರು ಹೋದ ಮೇಲೆ ಬಟ್ಟೆ ಬಿಚ್ಚಿ, ಹೆಬ್ಬೆಟ್ಟನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದಳು. ನಾಲ್ಕನೆಯ ದಿನ ಚರ್ಮ ಸುಲಿಯಿತು. ಆರನೆಯ ದಿನ ಅಂಚಿನಲ್ಲಿ ಕೂದಲೆಳೆಯಂಥ ಎರಡು ಗೆರೆ ಕಂಡವು. ಸುಚಿತಾಳನ್ನು ಕೂಗಿ ತೋರಿಸಿದಳು. ಇಬ್ಬರೂ ತಲೆಗೆ ತಲೆ ತಾಗಿಸಿ ಬಹಳ ಹೊತ್ತು ನೋಡಿದರು. ಮನೆಯಲ್ಲಿ ಬೆಳೆದ ಮೊದಲ ಬಳ್ಳಿಯೇ ಅದು ಎಂಬ ಹಾಗೆ.

ಅಂದು ಮಧ್ಯಾಹ್ನಕ್ಕೆ ಅಕ್ಕಿ ಡಬ್ಬಿಯ ತಳ ಕಂಡಿತು. ತಿಮ್ಮಿ ಗಂಜಿಗೆ ಒಂದು ಚೆಂಬು ನೀರು ಹೆಚ್ಚು ಹಾಕಿದಳು.

ಹೊಳೆಗೆ ಹೋಗದ ದಿನಗಳಲ್ಲಿ ಕತ್ತಿಯ ಕೆಲಸವಾದರೂ ಆಗಲಿ ಎಂದು ನಾಗಿ ಮಾಬ್ಲ ಆಚಾರಿಯ ಕುಲುಮೆಗೆ ಹೋದಳು. ಬಳಚಿನ ಬಾಯಿ ಬಿಡಿಸುವ ಸಣ್ಣ ಕತ್ತಿ. ಹಿಡಿ ಸಡಿಲಾಗಿತ್ತು. ಮಾಬ್ಲ ಮುದುಕ, ಒಂದು ಕಣ್ಣು ಕಾಣದು. ಕತ್ತಿ ನೋಡುವ ಮೊದಲು "ಕೈ ಕೊಡು" ಎಂದ. ಅವಳ ಅಂಗೈ ಬಿಡಿಸಿ ದಾರದಿಂದ ಅಳೆದ. ಹೆಬ್ಬೆಟ್ಟಿನಿಂದ ಕಿರುಬೆರಳಿಗೆ, ಮಣಿಕಟ್ಟಿನಿಂದ ನಡುಬೆರಳಿಗೆ. ಅವನು ಯಾರಿಗೇ ಹಿಡಿ ಹಾಕಿದರೂ ಹಾಗೆಯೇ. ಅವರೇ ಬಂದು ಕೈ ಕೊಡಬೇಕು. ಇನ್ನೊಬ್ಬರ ಕೈಲಿ ಕಳಿಸಿದರೆ ಕತ್ತಿ ವಾಪಸು.

"ಇದೆಂತ, ಕೈ ಮೆತ್ತಗಾಗ್ಯದೆ?"

ನಾಗಿ ಕತೆ ಹೇಳಿದಳು. ಮಾಬ್ಲ ಅವಳ ಕೈ ಬಿಡದೆ ಕೇಳಿದ.

"ಆ ಮಿಷನ್ ಮಾಡಿದಂವ ನಿನ್ನ ಕೈ ನೋಡಿದ್ನೇ?"

"ನನ್ನ ಕೈ ಅಂವ ಎಲ್ಲಿ ನೋಡ್ತ?"

"ಮತ್ತೆ ಯಾರ ಕೈ ನೋಡಿ ಮಾಡ್ದ? ತನ್ನದೇ ನೋಡಿರೂಕು." ಮಾಬ್ಲ ಹಳೆಯ ಹಿಡಿಯನ್ನು ಕಲ್ಲಿಗೆ ಕುಟ್ಟಿ ಕಳಚಿದ. "ಐವತ್ತು ವರ್ಷ ಹಿಡಿ ಹಾಕ್ದೆ ತಂಗೀ. ಹಿಡಿ ಕೂರದೆ ಬೊಕ್ಕೆ ಬಂದವರು ವಾಪಸ್ ತಂದಾರೆ. ಹಿಡಿ ಕೆತ್ತಿದ್ದೆ. ಯಾರಿಗೂ ಕೈ ಕೆತ್ಕಂಡು ಬಾ ಹೇಳಲಿಲ್ಲ."

ನಾಗಿ ಆ ಮಾತನ್ನು ಹಿಡಿದುಕೊಂಡು ಮನೆಗೆ ಬಂದಳು. ಹೊಸ ಹಿಡಿ ಹಾಕಿದ ಕತ್ತಿಯನ್ನು ಮಾಬ್ಲ ಮಂಗಳವಾರ ಬೆಳಿಗ್ಗೆ ಕೊಡುತ್ತೇನೆಂದಿದ್ದ.

*

ಮಂಗಳವಾರ ಮೂವರೂ ಹೊರಟರು. ಸುಚಿತಾ ಯೂನಿಫಾರ್ಮಿನಲ್ಲಿದ್ದಳು, ಕೆಲಸ ಮುಗಿದರೆ ಶಾಲೆಗೆ ಹೋಗಬೇಕೆಂದು. ದಾರಿಯಲ್ಲಿ ಕುಲುಮೆಗೆ ಹೋಗಿ ನಾಗಿ ಕತ್ತಿ ಇಸಿದುಕೊಂಡಳು. ಕೈಗೆ ಹೇಳಿ ಮಾಡಿಸಿದಂತಿತ್ತು. ಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿದಳು.

ಕಡೆಯ ಕ್ಯಾಂಪು. ಸಾಲು ಶಾಲೆಯ ಗೇಟು ದಾಟಿತ್ತು. ಸಾಲಿನಲ್ಲಿ ಕೆಂಪು ದೀಪದವರೇ ಹೆಚ್ಚು: ಬಳಚಿನ ಹೆಂಗಸರು, ಸುಣ್ಣದ ಗೂಡಿನವರು, ಕಲ್ಲು ಒಡೆಯುವವರು, ಗದ್ದೆ ನೆಟ್ಟು ಬೆರಳು ಕೊಳೆತವರು. ಊರಿನ ಅಂಗಡಿಕಾರರು ಯಾರೂ ಇರಲಿಲ್ಲ. ಅವರದ್ದೆಲ್ಲ ಮೊದಲ ದಿನವೇ ಹಸಿರು ಬಂದು ಮುಗಿದಿತ್ತು.

ನಾಗಿಯ ಸರದಿ ಬಂದಾಗ ಹೊತ್ತು ನೆತ್ತಿಗೆ ಬಂದಿತ್ತು. ಬಟ್ಟೆ ಬಿಚ್ಚಿ ಕೈ ಚಾಚಿದಳು. ವಿನೋದ ಕರವಸ್ತ್ರ ಸುತ್ತಿಕೊಂಡು ಒತ್ತಿದ.

ಟೀಂ.

"ಮೆಲ್ಲಗೆ ಒತ್ತಿ ತಮ್ಮಾ. ಹೊಸ ಚರ್ಮ. ಅಂಚಿನಲ್ಲಿ ಬಂದಿದೆ ನೋಡಿ."

ಅಂಚು ಹೊರಳಿಸಿ ಒತ್ತಿದ. ಟೀಂ. ಎಡಗೈ. ಟೀಂ. ಆಮೇಲೆ ತೋರುಬೆರಳು, ನಡುಬೆರಳು, ಉಂಗುರದ ಬೆರಳು. ಹತ್ತೂ ಬೆರಳು ಗಾಜಿಗೆ ಹೋಗಿ ಬಂದವು. ಹತ್ತಕ್ಕೂ ಕೆಂಪು. ಎಂಟು ದಿನದ ಎಣ್ಣೆ, ಎಂಟು ದಿನದ ಹಸಿವು ಪೆಟ್ಟಿಗೆಗೆ ಕಾಣಲಿಲ್ಲ.

ವಿನೋದ ಬೆನ್ನು ಹಿಂದಕ್ಕೆ ಚೆಲ್ಲಿದ. ಅವನಿಗೂ ಸಾಕಾಗಿತ್ತು. ಸಂಜೆಯೊಳಗೆ ಇಷ್ಟು ಕಾರ್ಡು ಆಗಬೇಕೆಂದು ಮೇಲಿನವರ ಫೋನು ಬರುತ್ತಲೇ ಇತ್ತು. ಅವನ ಕಣ್ಣು ಸುಚಿತಾಳ ಮೇಲೆ ಬಿತ್ತು. ಅವಳ ಕೈ ನೋಡಿದ.

"ಇವಳದ್ದು ಇನ್ನೂ ಹಾಕ್ಲಿಲ್ಲ ಅಲ್ವಾ?" ಎಂದು ದನಿ ಇಳಿಸಿದ. "ಒಂದು ಕೆಲಸ ಮಾಡುವಾ. ನಿನ್ನ ಹೆಸರಿಗೆ ಇವಳ ಹೆಬ್ಬೆಟ್ಟು ಹಾಕ್ತೆ. ಕಾರ್ಡು ಇವತ್ತೇ ಪಾಸು. ಯಾರಿಗೂ ಹೇಳ್ಬೇಡ."

ನಾಗಿಯ ಉಸಿರು ಬಂತು. "ಹಾಂಗೆ ಆಗ್ತದೆ?"

"ಎಷ್ಟೋ ಜನಕ್ಕೆ ಮಾಡಿ ಕೊಟ್ಟಿದ್ದೆ. ತಿಂಗಳಿಗೊಂದ್ಸಲ ಹುಡುಗಿ ಬಂದು ಬೆರಳು ಇಟ್ಟು ಅಕ್ಕಿ ತಕಂಡು ಹೋದ್ರಾತು. ಇವಳ ಹೆಸರು ಮಾತ್ರ ತೆಗೀಬೇಕು."

"ಎಲ್ಲಿಂದ?"

"ಕಾರ್ಡಿನಿಂದ. ಒಂದೇ ಬೆರಳು ಎರಡು ಹೆಸರಿಗೆ ಹಿಡಿಯೂದಿಲ್ಲ. ನೀನು ಇರ್ಬೇಕಾದ್ರೆ ಇವಳು ಇರೂಕಾಗ."

ಸುಚಿತಾ ಮುಂದೆ ಬಂದಳು. "ಆಗ್ಲಿ ಅವ್ವೀ. ಅಕ್ಕಿ ಬರ್ಲಿ." ಕೈ ಚಾಚಿದಳು. ಅವಳ ಹೆಬ್ಬೆಟ್ಟು ನುಣ್ಣಗೆ, ಗೆರೆಗೆರೆಯಾಗಿತ್ತು. ನಾಗಿ ಆ ಕೈಯನ್ನು ಒಂದು ದಿನವೂ ಹೊಳೆಗೆ ಇಳಿಸಿರಲಿಲ್ಲ. ತಾನು ಇಳಿಯುವಾಗ ಅವಳನ್ನು ದಡದಲ್ಲಿ ಪುಸ್ತಕ ಕೊಟ್ಟು ಕೂರಿಸುತ್ತಿದ್ದಳು. ಆ ಕೈ ಹಾಗೇ ಇರಲಿ ಎಂದೇ ತನ್ನದನ್ನು ಸವೆಸಿದ್ದಳು.

ಕರವಸ್ತ್ರ ಸುತ್ತಿದ ಬೆರಳು ಮಗಳ ಬೆರಳ ಕಡೆಗೆ ಬಂತು.

ನಾಗಿ ಮಗಳ ಮಣಿಕಟ್ಟು ಹಿಡಿದಳು. ಗಾಜಿನ ಮೇಲಿಂದ ಎಳೆದಳು.

"ಬೇಡ."

"ಎಂತ ಬೇಡ? ಹುಚ್ಚೇ ನಿಂಗೆ?"

"ಮಗಳನ್ನ ಅಳಿಸಿ ನಾನು ಅಕ್ಕಿ ತಿನ್ನೂದಿಲ್ಲ."

"ಅಳಿಸೂದು ಹೇಳಿದ್ರೆ ಸಾಯ್ಸೂದಲ್ಲ ಮಾರಾಯ್ತಿ! ಕಾರ್ಡಿನಿಂದ ತೆಗೆಯೂದು."

"ನಾಳೆ ಅವಳ ಕಾಲೇಜಿಗೆ ಕಾರ್ಡು ಕೇಳಿದ್ರೆ? ಅವಳು ಎಲ್ಲಿಯವಳು, ಯಾರ ಮನೆಯವಳು ಕೇಳಿದ್ರೆ?" ನಾಗಿಯ ದನಿ ಏರಿತು. "ಅವಳು ಲಗ್ನ ಆಗಿ ಹೋದ್ರೆ ನನ್ನ ಹೆಬ್ಬೆಟ್ಟು ಅವಳ ಸಂಗಡವೇ ಹೋತದಾ? ಎಂತ ಹೇಳ್ತದೆ ನಿನ್ನ ಪೆಟ್ಟಿಗೆ? ತೋರ್ಸು ನಂಗೆ. ಒಂದ್ಸಲ ತೋರ್ಸು."

ಅವನು ಏಳುವ ಮೊದಲೇ ಅವಳು ಟೀವಿಯ ಎರಡೂ ಕಿವಿ ಹಿಡಿದು ತಿರುಗಿಸಿದಳು. ವಯರು ಎಳೆದುಕೊಂಡವು. ಅದರ ಮುಖ ಸಾಲಿನ ಕಡೆಗೆ ಬಂತು.

ಅದರಲ್ಲಿ ನಾಗಿ ಇದ್ದಳು.

ಮೊದಲ ದಿನ ತೆಗೆದ ಫೋಟೋ. ತಟ್ಟೆಯಷ್ಟು ದೊಡ್ಡ ಮುಖ. ಮೂಗುಬೊಟ್ಟು ತೆಗೆದ ತೂತು, ಹಣೆಯ ಮೇಲಿನ ಮಚ್ಚೆ, ಎಲ್ಲ ಕಾಣುತ್ತಿತ್ತು.

"ಅಯ್ಯ! ಅದು ನಾಗಿಯಲ್ಲನೇ!" ಸಾಲಿನಲ್ಲಿದ್ದವಳೊಬ್ಬಳು ಕೂಗಿದಳು.

"ನಾಗಿಯೇ!"

"ಇಷ್ಟು ದೊಡ್ಡ ಮೋರೆ ಇಟ್ಕಂಡು ಯಾರೆಂದು ಗೊತ್ತಾಗೂದಿಲ್ವಂತಾ ಅದಕ್ಕೆ?" ಎಂದಳು ತಿಮ್ಮಿ. "ನಂಗೆ ಒಂದೇ ಕಣ್ಣು ಸರಿ ಕಾಣ್ತದೆ. ನಂಗೇ ಗೊತ್ತಾತು."

"ಸುಚಿತಾ, ಕೆಳಗೆ ಎಂತ ಬರ್ದದೆ? ಓದು."

ಇಂಗ್ಲಿಷಿತ್ತು. ಸುಚಿತಾ ಓದಿದಳು. ಓದಿ ಅವ್ವಿಯ ಕೈ ನೋಡಿದಳು.

"ಹೇಳು ಮಗಾ."

"ಬೆರಳು ಕಳಪೆ ಅಂತ ಬರ್ದದೆ ಅವ್ವೀ. ಇನ್ನೊಂದ್ಸಲ ಒತ್ತಿ ಅಂತ."

ಕಳಪೆ. ನಾಗಿ ತನ್ನ ಕೈ ನೋಡಿಕೊಂಡಳು. ಈ ಕೈ ತಂದ ಮೀನನ್ನು ಯಾವ ಪೇಟೆಯವರೂ ಕಳಪೆ ಎಂದಿರಲಿಲ್ಲ.

"ಇನ್ನೊಂದು ಉಂಟು," ಎಂದು ಸುಚಿತಾ ಬೆರಳು ತೋರಿಸಿದಳು. "ಇಲ್ಲಿ ಬದಿಗೆ. ಬೆರಳು ಇಲ್ಲದವರಿಗೆ ಅಂತ ಒಂದು ಗುಂಡಿ. ಅದನ್ನ ಒತ್ತಿದ್ರೆ ಬೆರಳು ಇಲ್ಲದೇ ಕಾರ್ಡು ಆಗ್ತದೆ."



"ಅದು ಕೈ ಕತ್ತರಿಸಿಹೋದವರಿಗೆ," ಎಂದ ವಿನೋದ. ಟೀವಿ ತಿರುಗಿಸಲು ಕೈ ಹಾಕಿದ. "ನಿನ್ನವ್ವಿಗೆ ಬೆರಳು ಇದ್ಯಲ್ಲ? ಬೆರಳು ಇದ್ದವರಿಗೆ ಅದು ಒತ್ತೂಕಾಗ. ನಂಗೆ ಕೇಳ್ತಾರೆ."

ಬೆರಳು ಇದ್ದರೂ ಇಲ್ಲ. ಇಲ್ಲದಿದ್ದರೂ ಇದೆ. ನಾಗಿ ಆ ಎರಡರ ನಡುವೆ ನಿಂತಳು. ಎತ್ತ ಸರಿದರೂ ಗೋಡೆ ತಾಗುತ್ತಿತ್ತು. ಸೊಂಟದಿಂದ ಬಟ್ಟೆಯ ಗಂಟು ತೆಗೆದಳು. ಬಿಚ್ಚಿದಳು. ಕತ್ತಿಯನ್ನು ಮೇಜಿನ ಮೇಲಿಟ್ಟಳು. ಹಿಡಿ ವಿನೋದನ ಕಡೆಗಿತ್ತು. ಗಾಜಿನ ಪಕ್ಕ ತನ್ನ ಹೆಬ್ಬೆಟ್ಟು ಇಟ್ಟಳು.

"ಕಡಿ."

ವಿನೋದ ಕುರ್ಚಿಯಿಂದ ಎದ್ದ. ಕುರ್ಚಿ ಹಿಂದಕ್ಕೆ ಬಿತ್ತು.

"ಕಡಿ. ಕಡ್ದು ಗುಂಡಿ ಒತ್ತು. ಕರವಸ್ತ್ರ ಸುತ್ಕಂಡೇ ಕಡಿ. ನಿಂಗೆ ಮುಟ್ಟೂಕೆ ಹೇಸಿಗೆ ಅಲ್ಲ?"

"ಅಬ್ಬಾ... ನೀವು... ಎಂತ ಮಾಡ್ತ್ರಿ ನೀವು..." ವಿನೋದನ ಬಾಯಿಗೆ ಮೊದಲ ಸಲ 'ನೀವು' ಬಂತು. "ಆತು, ಒತ್ತುತ್ತೆ. ಬೆರಳಿಲ್ಲ ಅಂತಲೇ ಹಾಕ್ತೆ. ಕತ್ತಿ ತೆಗೀರಿ."

"ಬೇಡ."

"ಇನ್ನೆಂತ ಬೇಡ!"

"ಇಲ್ಲ ಅಂತ ಹಾಕ್ಬೇಡ. ನಂಗೆ ಬೆರಳು ಅದೆ." ನಾಗಿ ಎರಡೂ ಕೈ ಎತ್ತಿ ತೋರಿಸಿದಳು. ಮೇಜಿಗೆ ತೋರಿಸಿದಳು. ತಿರುಗಿ ಸಾಲಿಗೂ ತೋರಿಸಿದಳು. "ಹತ್ತೂ ಅದೆ. ಇದರಿಂದಲೇ ಮೂವರು ಉಣ್ತಿದ್ದೋ. ಇಲ್ಲ ಅಂತ ಯಾರೂ ಬರೀಬೇಡಿ. ಬರ್ಯೂದಾದ್ರೆ ಸಮಾ ಬರಿ. ಈ ಮಿಷನ್ನಿಗೆ ನಾಗಿ ಹರಿಕಂತ್ರಳ ಕೈ ಓದೂಕೆ ಬರೂದಿಲ್ಲ. ಹಾಂಗೆ ಬರಿ. ಬರ್ದು ನಿನ್ನ ಸಹಿ ಹಾಕು. ಕೆಳಗೆ ನನ್ನ ಸಹಿ."

"ಹಾಗೆಲ್ಲ ಬರೆದು ಕೊಡೂಕೆ ನಂಗೆ ಅಧಿಕಾರ ಇಲ್ಲ."

"ಮಗಳ ಹೆಬ್ಬೆಟ್ಟು ನನ್ನ ಹೆಸರಿಗೆ ಹಾಕೂಕೆ ಇತ್ತಾ?"



ನಾಗಿ ಮೇಜು ಬಳಸಿ ಹೋಗಿ ಬಿದ್ದ ಕುರ್ಚಿ ಎತ್ತಿ ನಿಲ್ಲಿಸಿದಳು. ಮೇಜಿನ ಎದುರು ಬರುವವರಿಗೆ ಕುರ್ಚಿ ಇರಲಿಲ್ಲ. ಹಾಗಾಗಿ ಅದರಲ್ಲೇ ಕೂತಳು. ಮಿಷನ್ನಿನ ಮುಂದೆ, ತನ್ನ ಮುಖದ ಪಕ್ಕ. ತಿಮ್ಮಿ ಅವಳ ಕಾಲ ಬಳಿ ಜಗಲಿಯ ನೆಲಕ್ಕೆ ಕೂತಳು. ಕೂತು ಎಲೆಯಡಿಕೆಯ ಸಂಚಿ ಬಿಚ್ಚಿದಳು.

ವಿನೋದ ಸಾಲಿನ ಕಡೆ ತಿರುಗಿದ. "ಮುಂದಿನವರು ಬನ್ನಿ. ಇವರು ಬದಿಗಿರ್ಲಿ."

ಮುಂದಿನವಳು ಸುಣ್ಣದ ಗೂಡಿನವಳು. ಅವಳ ಬೆರಳ ತುದಿಗಳು ಬೆಂದು ಬಿಳಿಯಾಗಿದ್ದವು. ಅವಳು ಮುಂದೆ ಬರಲಿಲ್ಲ. ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಳು.

"ಅದಕ್ಕೆ ಓದೂಕೆ ಬರೂದಿಲ್ಲಲ್ಲ," ಎಂದಳು. "ನಾನೆಂತಕ್ಕೆ ಕೈ ತೋರ್ಸಲಿ?"

ಅವಳ ಹಿಂದಿನವಳೂ ಬರಲಿಲ್ಲ. ಗೇಟಿನ ತನಕ ಒಬ್ಬೊಬ್ಬರಾಗಿ ಕೂರತೊಡಗಿದರು. ಬಿಸಿಲು ಜಗಲಿಗೆ ಬಂತು. ವಿನೋದನ ಮೊಬೈಲು ಮೇಜಿನ ಮೇಲೆ ಹೊಡೆದುಕೊಂಡಿತು. ಎತ್ತಿದ, "ಇಲ್ಲಿ ಆಗ್ತಾ ಇಲ್ಲ ಸರ್... ಕೂತಿದ್ದಾರೆ ಸರ್... ಎಲ್ಲರೂ" ಎಂದ. ಆ ಕಡೆಯಿಂದ ಬೈಗಳು ಹೊರಗೂ ಕೇಳುತ್ತಿತ್ತು. ಫೋನು ಇಟ್ಟ. ಅರ್ಧ ತಾಸಿನ ಮೇಲೆ ಮತ್ತೆ ಬಂತು. ಆಗ ಅವನು ಎತ್ತಲಿಲ್ಲ.

ಶಾಲೆ ಬಿಡುವ ಗಂಟೆ ಹೊಡೆಯುವ ಹೊತ್ತಿಗೆ ಅವನು ಸುಚಿತಾಳ ಹತ್ತಿರ ಒಂದು ಹಾಳೆ ಕೇಳಿದ. ಅವಳು ನೋಟುಬುಕ್ಕಿನಿಂದ ಹರಿದು ಕೊಟ್ಟಳು. ಅವನು ಬರೆದ. ಬರೆದದ್ದನ್ನು ಸುಚಿತಾ ಜೋರಾಗಿ ಓದಿದಳು.

"ನಾಗಿ ಕೋಂ ಶಿವ ಹರಿಕಂತ್ರ ಇವರು ಮೂರು ಸಲ ಖುದ್ದು ಹಾಜರಾಗಿರುತ್ತಾರೆ..."

"ಮೂರಲ್ಲ, ಎರಡು. ಕುಮಟೆಗೆ ಹೋದದ್ದು ಬೇರೆ. ಸಮಾ ಬರಿ."

ಹೊಡೆದು ತಿದ್ದಿದ.

"...ಇವರ ಹತ್ತೂ ಬೆರಳನ್ನು ಪರೀಕ್ಷಿಸಲಾಗಿ, ಸದರಿ ಯಂತ್ರಕ್ಕೆ ಇವರ ಕೈ ಓದಲು ಬರುವುದಿಲ್ಲ."

ವಿನೋದ ಸಹಿ ಹಾಕಿ ಹಾಳೆ ದೂಡಿದ. ಪೆನ್ನು ಕೊಡುವಾಗ ಕರವಸ್ತ್ರ ಮೇಜಿನ ಮೇಲೆಯೇ ಇತ್ತು. ನಾಗಿ ಪೆನ್ನು ಹಿಡಿದಳು. ತೆಳು ಪೆನ್ನು, ಮೆತ್ತಗಾದ ಚರ್ಮದಲ್ಲಿ ಜಾರಿತು. ಕೈಗೆ ಸುತ್ತಿದ್ದ ಹಳೆಯ ಬಟ್ಟೆಯ ತುಂಡನ್ನು ಅದಕ್ಕೆ ಸುತ್ತಿದಳು. 'ನಾ' ಬರೆದಳು. ನಿಲ್ಲಿಸಿ ಉಸಿರು ತೆಗೆದು 'ಗಿ' ಬರೆದಳು.

ಸುಣ್ಣದ ಗೂಡಿನವಳು ಎದ್ದು ಬಂದಳು. "ನಂಗೂ ಒಂದು ಬರಿ," ಎಂದಳು.

ಸುಚಿತಾ ಇನ್ನೊಂದು ಹಾಳೆ ಹರಿದಳು.

*

ಕಾರ್ಡು ಅಂದು ಬರಲಿಲ್ಲ. ಕಾಗದ ಬರೆಸಿಕೊಂಡವರ ಹಾಳೆಗಳೆಲ್ಲ ಆ ಸಂಜೆಯೇ ಕುಮಟೆಯ ಕಂಡಿಯೊಳಗೆ ಹೋದವು. ನೋಡುತ್ತೇವೆ ಎಂದು ಒಳಗಿನ ದನಿ ಹೇಳಿತು. ನಾಗಿ ಮಾತ್ರ ತನ್ನದರ ಮೂಲ ಪ್ರತಿ ಕೊಡಲಿಲ್ಲ. ಸುಚಿತಾಳ ಕೈಲಿ ನಕಲು ಬರೆಸಿ ಕೊಟ್ಟು, ಮೂಲವನ್ನು ಅಕ್ಕಿ ಡಬ್ಬಿಯಲ್ಲಿ ಇಟ್ಟಳು. ಡಬ್ಬಿಯಲ್ಲಿ ಬೇರೇನೂ ಇರಲಿಲ್ಲ. ಹಳೆಯ ಕಾರ್ಡು ಅದರ ಪಕ್ಕದಲ್ಲಿತ್ತು. ಅದರಲ್ಲಿ ಮೂರು ಹೆಸರುಗಳಿದ್ದವು.

ಕ್ಯಾಂಪಿನ ಮರುದಿನ ಬೆಳಿಗ್ಗೆ ನೀರು ಇಳಿಯಿತು. ಸುಚಿತಾ ಶಾಲೆಗೆ ಹೋದಳು. ನಾಗಿ ಹೊಸ ಹಿಡಿಯ ಕತ್ತಿಯನ್ನು ಬುಟ್ಟಿಯಲ್ಲಿ ಹಾಕಿಕೊಂಡು ಹೊಳೆಗೆ ಇಳಿದಳು. ಎಂಟು ದಿನ ಎಣ್ಣೆ ಕುಡಿದ ಚರ್ಮಕ್ಕೆ ಉಪ್ಪುನೀರು ಬೆಂಕಿ ಹಾಕಿತು. ಹಲ್ಲು ಕಚ್ಚಿ ಕೆಸರಿನೊಳಗೆ ಬೆರಳು ಹೂತಳು. ಬೆರಳಿಗೆ ಬಳಚು ಗೊತ್ತಾಯಿತು. ಬಳಚಿಗೆ ಬೆರಳು ಗೊತ್ತಾಯಿತು.

ನೀರು ಏರಿದಾಗ ಮೇಲೆ ಬಂದು ಕೈ ತೊಳೆದು ಬಿಸಿಲಿಗೆ ಹಿಡಿದಳು. ಅಂಚಿನಲ್ಲಿದ್ದ ಎರಡು ಗೆರೆ ಹೋಗಿದ್ದವು. ಬುಟ್ಟಿ ತುಂಬಿತ್ತು. ಎತ್ತಿ ತಲೆಯ ಮೇಲಿಟ್ಟುಕೊಂಡಳು.

"ಇವತ್ತು ಯಾವ ವಾರ ಅತ್ತೇ?" ದಡದಲ್ಲಿ ಕೂತಿದ್ದ ತಿಮ್ಮಿಯನ್ನು ಕೇಳಿದಳು.

"ಬುಧವಾರ. ಯಾಕೆ?"

"ನಾಳೆ ಇಳಿತ ತಡ. ಬೆಳಿಗ್ಗೆ ಪುರಸೊತ್ತದೆ. ಕುಮಟೆಗೆ ಹೋಗುವಾ."

"ಆ ಕಂಡಿಗೆ ಮತ್ತೆ ಬಗ್ಗೂಕಾ?"

"ಇಲ್ಲ," ಎಂದಳು ನಾಗಿ. "ಬಾಗಿಲಿಂದ ಒಳಗೆ ಹೋಗುವಾ."